ಯಾವ ನೀರು ಹಾಕ್ತೀರಿ?

ಕಳೆದ ತಿಂಗಳು ನನ್ನ ಕಾರಿನ ರೇಡಿಯೇಟರ್ ಸೋರತೊಡಗಿತು. ಚಿಕ್ಕಮಗಳೂರಿನ ಸರ್ವಿಸ್ ಸೆಂಟರಿನವರು ಅರ್ಧ ದಿನದಲ್ಲಿ ಹೊಸದನ್ನು ಕೂರಿಸಿ, ಹಳೆಯದನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಹಿಂದಿನ ಸೀಟಿನ ಮೇಲಿಟ್ಟರು. ಮನೆಗೆ ಬರುವ ದಾರಿಯುದ್ದಕ್ಕೂ ಕೂಲೆಂಟಿನ ಸಿಹಿ ವಾಸನೆ. ಇಳಿಸುವಾಗ ಕೈಯಲ್ಲಿ ಎತ್ತಿ ನೋಡಿದೆ, ಮೊರದಷ್ಟು ಹಗುರ. ಎರಡು ಬದಿಗೆ ಕಪ್ಪು ಪ್ಲಾಸ್ಟಿಕ್, ನಡುವೆ ಕಾಗದದಂಥ ಅಲ್ಯೂಮಿನಿಯಮ್. ಎಲ್ಲಿ ಸೋರುತ್ತಿತ್ತು ಎಂದು ಅಲ್ಲಿನ ಮೆಕ್ಯಾನಿಕ್‌ನನ್ನು ಕೇಳಿದ್ದೆ. "ಅದನ್ನೆಲ್ಲ ಹುಡುಕಕ್ಕೆ ಹೋಗಲ್ಲ ಮೇಡಂ, ಸೋರಿದ್ರೆ ಬದಲಾಯ್ಸದು ಅಷ್ಟೇ" ಎಂದಿದ್ದ. ತಪ್ಪೇನಿಲ್ಲ, ಅವನ ಕೆಲಸ ಅದು. ಆದರೆ ಎಲ್ಲಿ ಸೋರಿತು, ಯಾಕೆ ಸೋರಿತು ಎಂದು ತಿಳಿಯದೆ ಇದ್ದರೆ ಊಟ ಸೇರದಿದ್ದ ಒಬ್ಬರು ನನಗೆ ಗೊತ್ತಿದ್ದರು. ಆ ಪೆಟ್ಟಿಗೆಯನ್ನು ಜಗಲಿಯಲ್ಲಿಟ್ಟು ಅಲ್ಲೇ ಸ್ವಲ್ಪ ಹೊತ್ತು ಕೂತೆ.

ಮೂಡಿಗೆರೆಯಲ್ಲಿ ಎಲ್ಲರೂ ಅವರನ್ನು ರೇಡಿಯೇಟರ್ ಆಚಾರ್ರು ಎನ್ನುತ್ತಿದ್ದರು. ಅವರ ತಂದೆ ತಾಮ್ರದ ಹಂಡೆ, ಕೊಡಗಳಿಗೆ ಬೆಸುಗೆ ಹಾಕುತ್ತಿದ್ದವರು. ಮನೆಗಳಿಂದ ತಾಮ್ರದ ಪಾತ್ರೆ ಮಾಯವಾಗಿ ತೋಟಗಳಿಗೆ ಜೀಪು ಬಂದಾಗ ಮಗ ಅದೇ ಬೆಸುಗೆಯ ಕಡ್ಡಿ ಹಿಡಿದು ರೇಡಿಯೇಟರಿಗೆ ತಿರುಗಿಕೊಂಡರು. ಆಗಿನ ರೇಡಿಯೇಟರ್ ಎಂದರೆ ತಾಮ್ರ, ಹಿತ್ತಾಳೆ. ಒಬ್ಬರೇ ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ.

ನಾನು ಆಗ ಮೂಡಿಗೆರೆಯಿಂದ ಕಳಸದ ದಿಕ್ಕಿಗೆ ಮುಕ್ಕಾಲು ಗಂಟೆಯ ದಾರಿಯಲ್ಲಿದ್ದ ಒಂದು ಸರಕಾರಿ ಶಾಲೆಯಲ್ಲಿ ವಿಜ್ಞಾನದ ಟೀಚರ್. ಅಲ್ಲಿಗೆ ಬಸ್ಸು ಹೋಗುತ್ತಿರಲಿಲ್ಲ. ವಸ್ತಾರೆಯ ನಮ್ಮ ಮಾವನವರಿಗೆ ಕಣ್ಣು ಮಂಜಾಗಿ ಡ್ರೈವಿಂಗ್ ಬಿಟ್ಟ ಮೇಲೆ ಅವರ ಜೀಪು ನನ್ನ ಪಾಲಿಗೆ ಬಂದಿತ್ತು. ಹಳೇ ಜೀಪು. ಏರು ಹತ್ತುವಾಗ ನೀರು ಕುಡಿಯುತ್ತಿತ್ತು, ಇಳಿಯುವಾಗ ನನ್ನ ಪ್ರಾಣ ಹಿಂಡುತ್ತಿತ್ತು. ಒಂದು ಆಗಸ್ಟಿನಲ್ಲಿ ಅದರ ಮೂತಿಯಿಂದ ಹನಿ ಬೀಳಲು ಶುರುವಾಯಿತು. "ಬೇರೆ ಯಾರ ಹತ್ರನೂ ಬೇಡ, ಆಚಾರ್ರ ಹತ್ರ ಹೋಗು" ಎಂದರು ಮಾವ.

ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಕೆಳಗೆ, ತಗಡಿನ ಮಾಡಿನ ಉದ್ದನೆಯ ಅಂಗಡಿ. ಒಳಗೆ ಬೆಸುಗೆಗೆ ಹಚ್ಚುವ ನವಾಸಾಗರದ ಬಿಳಿ ಹೊಗೆ, ಮೂಗಿನ ತುದಿ ಸುಡುವ ಆಸಿಡ್ಡಿನ ಘಾಟು. ಅವರು ಗಾಡಿಗೇನಾಯಿತು ಎಂದು ಕೇಳಲಿಲ್ಲ. ಬಾನೆಟ್ಟನ್ನೂ ಎತ್ತಲಿಲ್ಲ. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಕೇಳಿದ್ದು ಒಂದೇ ಮಾತು.

"ಯಾವ ನೀರು ಹಾಕ್ತೀರಿ?"

ನನಗೆ ನಗು ಬಂತು. ನೀರು ಎಂದರೆ ನೀರು. ಶಾಲೆಯ ನಲ್ಲಿಯಿಂದ ಹಿಡಿದು ಹಾಕುತ್ತೇನೆ ಎಂದೆ. "ಹೌದಾ" ಎಂದು ತಲೆಯಾಡಿಸಿ, ಗೋಡೆಗೆ ಹೊಡೆದಿದ್ದ ಹಲಗೆಯ ಕಡೆ ಕೈ ತೋರಿಸಿದರು. ಅಲ್ಲಿ ಸಾಲಾಗಿ ಹಾಲಿನ ಪುಡಿಯ ಹಳೇ ಡಬ್ಬಗಳು. ಪ್ರತಿಯೊಂದರಲ್ಲೂ ಯಾವುದೋ ಗಾಡಿಯ ರೇಡಿಯೇಟರಿನಿಂದ ಬಂದ ಕೆಸರು, ಒಣಗಿ ಪುಡಿಯಾಗಿದ್ದು. ಒಂದರಲ್ಲಿ ಸುಣ್ಣದ ಹಾಗೆ ಬೆಳ್ಳಗಿನ ಚಕ್ಕೆ. ಅದು ಕಡೂರಿನ ಕಡೆ ಬೋರ್‌ವೆಲ್ ನೀರು ಕುಡಿದ ಲಾರಿಯದ್ದು. ಇನ್ನೊಂದರಲ್ಲಿ ಕುಂಕುಮದಂಥ ಕೆಂಪು; ಕಳಸದ ಕಡೆ ಹಳ್ಳದ ನೀರು. ಇದನ್ನೆಲ್ಲ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದೆ.

"ಸುಮ್ನೆ. ಬಿಸಾಕಕ್ಕೆ ಮನಸ್ಸು ಬರಲ್ಲ ಟೀಚರೇ. ಗಾಡಿ ಎಲ್ಲೆಲ್ಲಿ ತಿರುಗ್ತು ಅಂತ ಮಾಲೀಕರು ಸುಳ್ಳು ಹೇಳ್ಬಹುದು, ಇದು ಹೇಳಲ್ಲ."

ರೇಡಿಯೇಟರನ್ನು ಬಿಚ್ಚಿ, ಎರಡೂ ಬಾಯಿಗೆ ರಬ್ಬರ್ ಬಿರಡೆ ಜಡಿದು, ಸಿಮೆಂಟ್ ತೊಟ್ಟಿಯ ನೀರಿನಲ್ಲಿ ಮುಳುಗಿಸಿದರು. ಸೈಕಲ್ ಪಂಪಿನಿಂದ ಗಾಳಿ ಒತ್ತಿದರು. ನೀರು ತಿಳಿಯಾಗುವವರೆಗೆ ಕಾದು, ಮೂಗು ತಾಗುವಷ್ಟು ಬಗ್ಗಿದರು. ಒಂದು ಮೂಲೆಯಿಂದ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಅವರ ಮುಖದಲ್ಲಿ ಎಂಥ ಸಂತೋಷ ಎಂದರೆ... ಮೀನು ಹಿಡಿಯುವವರ ಮುಖದಲ್ಲಿ ಮಾತ್ರ ಅದನ್ನು ಕಂಡಿದ್ದೇನೆ. ಸಂಜೆಯೊಳಗೆ ಬೆಸುಗೆ ಮುಗಿಯಿತು. "ಇನ್ನು ಹತ್ತು ವರ್ಷ ಈ ಜಾಗ ಸೋರಿದ್ರೆ ನನ್ನ ಕೇಳಿ" ಎಂದು ಕಳಿಸಿದರು.

ಮೂರು ವಾರ ಕಳೆಯಿತಷ್ಟೆ, ಜೀಪು ಮತ್ತೆ ಸೋರಿತು.

ನಾನು ಕೋಪದಲ್ಲೇ ಹೋಗಿದ್ದೆ. ಅವರು ನನ್ನ ಕೋಪವನ್ನು ಗಮನಿಸಲೇ ಇಲ್ಲ. ರೇಡಿಯೇಟರಿನ ಮೇಲಿನ ಟ್ಯಾಂಕನ್ನೇ ಕಾಯಿಸಿ ಬಿಡಿಸಿ, ಒಳಗೆ ಬೆರಳಾಡಿಸಿ, ನನಗೂ ತೋರಿಸಿದರು. ಅವರು ಹಾಕಿದ್ದ ಬೆಸುಗೆ ಒಳಗಡೆಯಿಂದ ಸವೆದು ಹೋಗಿತ್ತು. ತಳದಲ್ಲಿ ಹಸಿರು ಮಿಶ್ರಿತ ನೀಲಿಯ ಕೆಸರು. ಕೆಸರಿನೊಳಗೆ ಯಾವ ಕಾಲದಲ್ಲೋ ಬಿದ್ದಿದ್ದ ಒಂದು ಸಣ್ಣ ವಾಷರ್ ಸಿಕ್ಕಿತು. ತಾಮ್ರದ್ದು, ಹೊಚ್ಚ ಹೊಸದರ ಹಾಗೆ ಕೆಂಪಗೆ. ಅವರು ಅದನ್ನು ಅರದಿಂದ ಉಜ್ಜಿದರು. ಒಳಗೆ ಬೂದು ಬಣ್ಣದ ಕಬ್ಬಿಣ.

"ಕಬ್ಬಿಣ ತಾಮ್ರ ಆಗದು ಹ್ಯಾಂಗೆ ಟೀಚರೇ?"

ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ವರ್ಷಾ ವರ್ಷ ಏಳನೇ ತರಗತಿಗೆ ಅದನ್ನು ಪಾಠ ಮಾಡುತ್ತಿದ್ದೆ. ಮೈಲುತುತ್ತದ, ಅಂದರೆ ಕಾಪರ್ ಸಲ್ಫೇಟಿನ, ನೀರಿನಲ್ಲಿ ಕಬ್ಬಿಣದ ಮೊಳೆ ಇಟ್ಟರೆ ಮೊಳೆಯ ಮೇಲೆ ತಾಮ್ರ ಕೂರುತ್ತದೆ. ಶಾಲೆಯಲ್ಲಿ ಮೈಲುತುತ್ತ ಇರಲಿಲ್ಲವಾದ್ದರಿಂದ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆದು ಮುಗಿಸುತ್ತಿದ್ದೆ. ಅದನ್ನೇ ಅವರಿಗೂ ಹೇಳಿದೆ, ಪಾಠ ಒಪ್ಪಿಸುವ ಹಾಗೆ. ಅವರು ಕೇಳಿಸಿಕೊಂಡು, ವಾಷರನ್ನು ತಿರುಗಿಸುತ್ತಾ ಕೇಳಿದರು: "ಅಂದ್ರೆ ನಿಮ್ಮ ನೀರಲ್ಲಿ ಮೈಲುತುತ್ತ ಉಂಟು. ಆ ನೀರು ಮಕ್ಕಳೂ ಕುಡೀತಾರಾ?"

ನಾನು ಅಲ್ಲಿವರೆಗೆ ಬೆಸುಗೆಯ ಬಗ್ಗೆ ಯೋಚಿಸುತ್ತಿದ್ದೆ. ಆ ತಿಂಗಳೆಲ್ಲ ಮಕ್ಕಳು ಹೊಟ್ಟೆನೋವು ಎನ್ನುತ್ತಿದ್ದರು. ಕೆಲವರು ವಾಂತಿ ಮಾಡಿಕೊಂಡಿದ್ದರು. ಪೇರಳೆಕಾಯಿ ಕಂಡಲ್ಲೆಲ್ಲ ತಿನ್ನುತ್ತೀರಿ ಎಂದು ಗದರಿದ್ದೆ. ಐದನೇ ತರಗತಿಯ ಒಬ್ಬಳು ಹುಡುಗಿ, ತೋಟದ ಕೂಲಿ ಲೈನಿನ ಮನೆಗಳಿಂದ ಬರುತ್ತಿದ್ದವಳು, ಲೋಟ ಹಿಡಿದುಕೊಂಡೇ ಬಂದು "ನೀರು ಒಗರು ಟೀಚರ್" ಎಂದಿದ್ದಳು. ನೆಪ ಹೇಳಬೇಡ, ಕುಡಿ ಎಂದು ಎದುರಿಗೇ ನಿಂತು ಕುಡಿಸಿದ್ದೆ. ನಾನು ಮನೆಯಿಂದ ಬಾಟಲಿಯಲ್ಲಿ ನೀರು ತರುತ್ತಿದ್ದೆನಲ್ಲ... ನನಗೆ ಆ ಒಗರು ಗೊತ್ತಾಗಲು ದಾರಿಯೇ ಇರಲಿಲ್ಲ.

ಮರುದಿನ ಆಚಾರ್ರು ಅಂಗಡಿಗೆ ಬೀಗ ಹಾಕಿ ನನ್ನ ಜೊತೆ ಶಾಲೆಗೆ ಬಂದರು. ತಾತ್ಕಾಲಿಕವಾಗಿ ಬೆಸುಗೆ ಹಾಕಿದ್ದ ಜೀಪಿನಲ್ಲಿ, ಮೂಡಿಗೆರೆಯ ನೀರು ತುಂಬಿದ ಎರಡು ಕ್ಯಾನುಗಳನ್ನು ಕಾಲಿನ ನಡುವೆ ಇಟ್ಟುಕೊಂಡು ಕೂತಿದ್ದರು. ಮಕ್ಕಳು ಅಂದಿನಿಂದ ಆ ನಲ್ಲಿ ಮುಟ್ಟಬಾರದೆಂದು ಹೇಳಿ, ಕ್ಯಾನಿನ ನೀರನ್ನು ಕುಡಿಯಲು ಇಟ್ಟೆ. ಆಚಾರ್ರು ನಲ್ಲಿಯ ನೀರನ್ನು ನಾಲಗೆಯ ತುದಿಗೆ ತಾಗಿಸಿ ಉಗಿದರು. ಅಂಗಿಯ ಜೇಬಿನಿಂದ ಉದ್ದನೆಯ ಮೊಳೆ ತೆಗೆದು ಮರಳುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಗಾಜಿನ ಲೋಟದಲ್ಲಿ ಆ ನೀರು ಹಿಡಿದು, ಅರ್ಧ ಮುಳುಗುವ ಹಾಗೆ ದಾರದಲ್ಲಿ ಇಳಿಬಿಟ್ಟರು. ಆಮೇಲೆ ಅದರ ಮುಂದೆ ಚಕ್ಕಂಬಟ್ಟಲೆ ಹಾಕಿ ಕೂತರು. ಅವರ ಸುತ್ತ ಮಕ್ಕಳೂ ಕೂತರು. ನಾನು ಆವತ್ತು ಪಾಠ ಮಾಡಲಿಲ್ಲ.

ಊಟದ ಗಂಟೆ ಹೊಡೆಯುವ ಹೊತ್ತಿಗೆ ಮೊಳೆಯ ಕೆಳಗಿನ ಅರ್ಧ ಕೆಂಪಾಗಿತ್ತು. ಪಾಠದಲ್ಲಿ ನಾನು ಬರೆಯುತ್ತಿದ್ದ ಚಿತ್ರ, ಅದೇ ಬಣ್ಣ. ಮಕ್ಕಳು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಈಗಲೂ ನನಗೆ ಮುಜುಗರ ತರುತ್ತದೆ.

ಶಾಲೆಗೆ ನೀರು ಬರುತ್ತಿದ್ದದ್ದು ಮೇಲಿನ ಕಾಫಿ ತೋಟದ ಒಂದು ಒರತೆಯ ಟ್ಯಾಂಕಿನಿಂದ. ಶಾಲೆಯ ಜಾಗವೂ ಆ ತೋಟದವರು ಕೊಟ್ಟದ್ದೇ. ಪೈಪಿನ ಜಾಡು ಹಿಡಿದು ನಾವಿಬ್ಬರೂ ಗುಡ್ಡ ಹತ್ತಿದೆವು. ಕಾಲಿಗೆ ಕಚ್ಚಿದ ಇಂಬಳಗಳನ್ನು ಕಿತ್ತೆಸೆಯುತ್ತಾ ಅವರು ಮುಂದೆ, ಸೀರೆ ಎತ್ತಿಕಟ್ಟಿ ನಾನು ಹಿಂದೆ. ಮಳೆ ಸ್ವಲ್ಪ ಬಿಟ್ಟು ಹೊಳವು ಕೊಟ್ಟಿದ್ದ ದಿನಗಳು. ತೋಟಗಳಲ್ಲಿ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಔಷಧಿ ಹೊಡೆಯುವ ಕಾಲ. ಟ್ಯಾಂಕಿನ ಮಗ್ಗುಲಲ್ಲೇ, ಅದಕ್ಕಿಂತ ಒಂದು ಮಾರು ಮೇಲೆ, ಔಷಧಿ ಕಲಸುವ ಡ್ರಮ್ಮುಗಳು. ಮೈಲುತುತ್ತ ತುಂಬಿದ ಗೋಣಿಚೀಲವೊಂದು ಡ್ರಮ್ಮಿನ ನೀರಿನಲ್ಲಿ ತೂಗುತ್ತಿತ್ತು. ತುಂಬಿ ಚೆಲ್ಲಿದ್ದು, ತೊಳೆದು ಹೊಯ್ದದ್ದು, ಎಲ್ಲವೂ ಸೀದಾ ಒರತೆಗೆ ಇಳಿದ ಗುರುತು ಕಲ್ಲಿನ ಮೇಲೆ ನೀಲಿಯಾಗಿ ಹಿಡಿದಿತ್ತು. ಅಲ್ಲಿದ್ದ ಮೇಸ್ತ್ರಿ "ಹೋದ ವರ್ಷ ಕೆಳಗಿತ್ತು. ಹೊತ್ಕೊಂಡು ಬರದು ದೂರ ಆಯ್ತದೆ ಅಂತ ಈ ಸಲ ಇಲ್ಲಿಗೆ ತಂದ್ವಿ. ಎಂಥ ಆಯ್ತು?" ಎಂದ. ಅವನಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ. ಆ ಪೈಪು ಎಲ್ಲಿಗೆ ಹೋಗುತ್ತದೆ ಎಂದು ಅವನು ಯೋಚಿಸಿರಲಿಲ್ಲ, ಅಷ್ಟೇ.

ಅಲ್ಲಿಂದ ನೇರ ತೋಟದ ಮನೆಗೆ ಹೋದೆವು. ದಾರಿಯಲ್ಲಿ ನಾನೇ ಹೇಳಿದ್ದೆ: "ನಾನು ಮಾತಾಡ್ತೀನಿ ಆಚಾರ್ರೆ. ಶಾಲೆ ವಿಷಯ, ನಾನು ಹೇಳಿದ್ರೇ ಸರಿ." ಮನಸ್ಸಿನಲ್ಲಿ ವಾಕ್ಯಗಳನ್ನು ಜೋಡಿಸಿಕೊಂಡೂ ಇದ್ದೆ.

ತೋಟದ ಯಜಮಾನರು ಜಗಲಿಯಲ್ಲಿ ಕೂತಿದ್ದರು. ನಮಗೆ ಕುರ್ಚಿ ತರಿಸಿದರು, ಕಾಫಿ ಹೇಳಿದರು. ನನ್ನನ್ನು ನೋಡಿ "ಏನ್ ಟೀಚರ್, ಶಾಲೆ ಮಾಡು ಸೋರ್ತಾ ಉಂಟಾ? ಹೆಂಚು ಕಳಿಸ್ಲಾ?" ಎಂದು ಪ್ರೀತಿಯಿಂದಲೇ ಕೇಳಿದರು. ಆ ಹಿಂದಿನ ವರ್ಷ ಹೆಂಚು ಕೊಟ್ಟವರು ಅವರೇ. ಸ್ವಾತಂತ್ರ್ಯ ದಿನದಂದು ಮಕ್ಕಳಿಗೆ ಸಿಹಿ ಹಂಚುವವರೂ ಅವರೇ. ನನ್ನ ವಾಕ್ಯಗಳೆಲ್ಲ ಎಲ್ಲಿ ಹೋದವೋ... ಬಾಯಿ ತೆರೆದೆ, ಮತ್ತೆ ಮುಚ್ಚಿದೆ. ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲ ನೋಡಿದೆ.

ಆಚಾರ್ರು ಒಂದು ಕ್ಷಣ ಕಾದರು. ಆಮೇಲೆ ಎದ್ದುಹೋಗಿ ಅರ್ಧ ಕೆಂಪಾದ ಮೊಳೆಯನ್ನು ಯಜಮಾನರ ಮುಂದಿನ ಮೇಜಿನ ಮೇಲಿಟ್ಟರು.

"ಇದೇನಿದು?"

"ಶಾಲೆ ನೀರಲ್ಲಿ ಬೆಳಿಗ್ಗೆ ಇಟ್ಟಿದ್ದು ಸಾವ್ಕಾರ್ರೆ. ಮೈಲುತುತ್ತದ ಡ್ರಮ್ಮು ಒರತೆ ತಲೆ ಮೇಲೆ ಉಂಟು. ಮಕ್ಕಳು ಅದನ್ನೇ ಕುಡೀತಿದಾರೆ."

ಯಜಮಾನರ ಮುಖ ಬಿಗಿಯಿತು. "ನನ್ನ ತೋಟದ ನೀರು ವಿಷ ಅಂತಿದೀಯಾ?"

"ನಾನಲ್ಲ, ಮೊಳೆ ಹೇಳ್ತಿರದು. ನಿಮ್ಮ ಮನೆ ನೀರಿಗೂ ಒಂದು ಮೊಳೆ ಹಾಕಿ ನೋಡಿ. ಅದು ಬೇರೆ ಬಾವಿದಲ್ವಾ? ಕೆಂಪಾಗಲ್ಲ."

ಯಜಮಾನರು ನನ್ನ ಕಡೆ ತಿರುಗಿದರು. "ಟೀಚರ್, ಇದು ನಿಮ್ಮ ಮಾತಾ?"

ನಾನು ಉತ್ತರಿಸುವ ಮೊದಲೇ ಆಚಾರ್ರು ಅಡ್ಡ ಬಂದರು. "ಅವ್ರದ್ದಲ್ಲ. ಅವ್ರು ಗಾಡಿ ಓಡಿಸ್ಕೊಂಡು ಬಂದ್ರು ಅಷ್ಟೇ. ಮಾತು ನಂದು." ಎಂದವರೇ ಜೇಬಿನಿಂದ ಇನ್ನೊಂದು ಮೊಳೆ ತೆಗೆದು ಮೇಜಿನ ಮೇಲಿಟ್ಟು, ಕಾಫಿ ಮುಟ್ಟದೆ ಮೆಟ್ಟಿಲಿಳಿದರು. ನಾನು ಹಿಂಬಾಲಿಸಿದೆ. ನನ್ನ ಲೋಟ ಖಾಲಿಯಾಗಿತ್ತು ಎಂಬುದು ಇವತ್ತಿಗೂ ನೆನಪಿದೆ.

ಎರಡು ದಿನ ಏನೂ ಆಗಲಿಲ್ಲ. ನಾನು ದಿನಾ ಜೀಪಿನಲ್ಲಿ ಕ್ಯಾನು ಹೊತ್ತು ಹೋದೆ. ಮೂರನೇ ದಿನ ತೋಟದ ಲೆಕ್ಕ ಬರೆಯುವ ರೈಟರ್ ಆಳುಗಳನ್ನು ಕರೆದುಕೊಂಡು ಬಂದ. ಡ್ರಮ್ಮುಗಳನ್ನು ಶಾಲೆಗಿಂತ ಎಷ್ಟೋ ಕೆಳಗೆ, ಗದ್ದೆಯ ಬದಿಯ ದಿಬ್ಬಕ್ಕೆ ಸಾಗಿಸಿದರು. ಒರತೆಯ ಟ್ಯಾಂಕನ್ನು ಬರಿದು ಮಾಡಿ ಉಜ್ಜಿ ತೊಳೆದರು. ಒರತೆ ತಿಳಿಯಾಗಿ ಮೊಳೆ ಬಣ್ಣ ಬದಲಿಸುವುದು ನಿಲ್ಲುವವರೆಗೂ ಯಜಮಾನರ ಬಾವಿಯಿಂದ ದಿನಾ ಟ್ರ್ಯಾಕ್ಟರಿನಲ್ಲಿ ನೀರು ಬಂತು. ಹೋಗುವಾಗ ರೈಟರ್ ದನಿ ತಗ್ಗಿಸಿ ಹೇಳಿದ: "ಸಾವ್ಕಾರ್ರು ಮೊಳೆ ಹಾಕಿ ನೋಡಿದ್ರು ಟೀಚರ್. ರಾತ್ರಿ ಊಟ ಮಾಡಿಲ್ಲ ಅಂತ ಅಮ್ಮಾವ್ರು ಹೇಳಿದ್ರು. ಆದ್ರೆ ಆ ಆಚಾರ್ರನ್ನ ಇನ್ನು ಈ ಕಡೆ ಕರ್ಕೊಂಡು ಬರ್ಬೇಡಿ."

ಮಕ್ಕಳ ಹೊಟ್ಟೆನೋವು ನಿಂತಿತು. ಒಗರು ಎಂದಿದ್ದ ಹುಡುಗಿಯನ್ನು ತರಗತಿಯ ಮುಂದೆ ಕರೆದು, ನೀನು ಹೇಳಿದ್ದೇ ಸರಿ, ನಾನು ಕೇಳಬೇಕಿತ್ತು ಎಂದೆ. ಅವಳು ಕಣ್ಣೆತ್ತಿ ನೋಡದೆ ಲಂಗದ ತುದಿ ತಿರುಚುತ್ತಾ ನಿಂತಿದ್ದಳು.

ಆ ತೋಟದ ಜೀಪು, ಪಿಕಪ್, ಟ್ರ್ಯಾಕ್ಟರುಗಳು ಅದಾದ ಮೇಲೆ ಆಚಾರ್ರ ಅಂಗಡಿಗೆ ಬರಲಿಲ್ಲ. ಯಜಮಾನರ ನೆಂಟರ ತೋಟಗಳ ಗಾಡಿಗಳೂ ಒಂದೊಂದಾಗಿ ಚಿಕ್ಕಮಗಳೂರಿಗೆ ಹೋದವು. ಮೊದಲು ಸಾಲು ನಿಂತಿರುತ್ತಿದ್ದ ಅಂಗಳದಲ್ಲಿ ಹುಲ್ಲು ಬೆಳೆಯಿತು. ನನ್ನಿಂದ ಹೀಗಾಯಿತಲ್ಲ ಎಂದು ಒಮ್ಮೆ ಅಂದದ್ದಕ್ಕೆ ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

"ಅದು ಹಾಳಾಗ್ಲಿ ಮಾರಾಯ್ರೆ, ನನಗೊಂದು ಹೇಳಿ. ಮೊಳೆ ಮೇಲೆ ತಾಮ್ರ ಕೂತ್ಕೊಂಡ್ತಲ್ಲ, ಆ ಜಾಗದ ಕಬ್ಬಿಣ ಎಲ್ಲಿಗೆ ಹೋಯ್ತು?"

ಕಬ್ಬಿಣ ನೀರಿಗೆ ಹೋಗುತ್ತದೆ, ಒಂದು ಬಂದಲ್ಲಿ ಇನ್ನೊಂದು ಜಾಗ ಬಿಡುತ್ತದೆ ಎಂದೆ. ಅವರು ನಂಬಲಿಲ್ಲ. ಕಣ್ಣಾರೆ ನೋಡಬೇಕು ಎಂದರು. ಆಮೇಲಿನ ಕೆಲವು ತಿಂಗಳು ಜೀಪಿನ ಕೆಲಸವಿರಲಿ ಬಿಡಲಿ, ಶನಿವಾರ ಶಾಲೆ ಬಿಟ್ಟು ಬರುವಾಗ ನಾನು ಅಂಗಡಿಯ ಮುಂದೆ ನಿಲ್ಲಿಸುತ್ತಿದ್ದೆ. ನೀಲಿ ನೀರಿನಲ್ಲಿ ಉಕ್ಕಿನ ಹುಡಿ ಹಾಕಿ, ನೀಲಿ ಕರಗಿ ತೆಳು ಹಸಿರಾಗುವುದನ್ನು ಇಬ್ಬರೂ ಕೂತು ನೋಡಿದ್ದೇವೆ. ಹಸಿರು ಬಂದಾಗ "ಓಹೋ, ಇಲ್ಲಿದಾನೆ ಕಳ್ಳ!" ಎಂದು ತೊಡೆ ತಟ್ಟಿಕೊಂಡರು. ಬಿ.ಎಸ್ಸಿ. ಮಾಡಿದ ನಾನು ಆ ಬಣ್ಣ ಬದಲಾಗುವುದನ್ನು ನಿಜವಾಗಿ ನೋಡಿದ್ದು ಅದೇ ಮೊದಲು ಎಂದು ಅವರಿಗೆ ಹೇಳಲಿಲ್ಲ.

ಜಗಲಿಯ ವಿಷಯವನ್ನು ಅವರು ಯಾವತ್ತೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎತ್ತಬೇಕು ಎಂದು ಎಷ್ಟೋ ಶನಿವಾರ ಅಂದುಕೊಂಡೇ ಹೋಗಿದ್ದೆ...

ಆಮೇಲೆ ನನಗೆ ಚಿಕ್ಕಮಗಳೂರಿಗೆ ವರ್ಗವಾಯಿತು. ಮಾವನವರು ತೀರಿಕೊಂಡರು, ಜೀಪು ಮಾರಿದೆವು. ಹೊಸ ಕಾರುಗಳ ರೇಡಿಯೇಟರಿಗೆ ಬೆಸುಗೆ ಹಿಡಿಯುವುದಿಲ್ಲ ಎಂದು ಯಾರೋ ಹೇಳಿದಾಗ ಅವರ ನೆನಪಾಗಿತ್ತು. ಮೂಡಿಗೆರೆಯ ಮೇಲೆ ಹಾದು ಹೋಗುವಾಗ ಒಂದೆರಡು ಸಲ ಕಾರಿನಿಂದಲೇ ಕೈ ಬೀಸಿದ್ದೆ. ಇಳಿದಿರಲಿಲ್ಲ. ಸಮಯವಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಕಳೆದ ತಿಂಗಳು ಕಾರಿನ ಆ ಹಳೇ ರೇಡಿಯೇಟರ್ ಮನೆಗೆ ಬಂದ ಮೇಲಿನ ಭಾನುವಾರ ಮೂಡಿಗೆರೆಗೆ ಹೋದೆ. ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಹಿಂದಿನ ಓಣಿಯಲ್ಲಿ ಅವರ ಮನೆ, ಕೇಳಿಕೊಂಡು ಹೋದೆ. ಬಾಗಿಲು ತೆರೆದವರು ಅವರ ಹೆಂಡತಿ. ಅವರನ್ನು ನಾನು ಮೊದಲು ಕಂಡಿರಲಿಲ್ಲ. ಆಚಾರ್ರು ಇದ್ದಾರಾ ಎಂದು ಕೇಳಿದೆ.

"ಹೋಗಿ ಎರಡು ಮಳೆಗಾಲ ಆಯ್ತಲ್ಲಮ್ಮ" ಎಂದರು.

ಹೊಸಿಲ ಬಳಿಯೇ ನಿಂತುಬಿಟ್ಟೆ. ಯಾರೂ ಹೇಳಲಿಲ್ಲವಲ್ಲ ಎಂದುಕೊಂಡೆ. ಯಾರು, ಯಾಕೆ ಹೇಳಬೇಕಿತ್ತು? ಅವರೇ ಕೈ ಹಿಡಿದು ಒಳಗೆ ಕೂರಿಸಿದರು. ಯಾವ ಊರು, ಏನು ಪರಿಚಯ ಎಂದು ಕೇಳಿದರು. ತೋಟದ ಶಾಲೆಯಲ್ಲಿ ಟೀಚರ್ ಆಗಿದ್ದೆ, ಹಳೇ ಜೀಪು ತರುತ್ತಿದ್ದೆ ಎಂದೆ. ಅವರ ಮುಖ ಅರಳಿತು.

"ಜೀಪಿನ ಟೀಚರಾ ನೀವು! ನಿಮ್ಮ ಸುದ್ದಿ ಹೇಳದೆ ಇದ್ದ ದಿನ ಇಲ್ಲ. ನೀರಲ್ಲಿ ಮೈಲುತುತ್ತ ಉಂಟು ಅಂತ ಕಂಡುಹಿಡಿದು, ಅಷ್ಟು ದೊಡ್ಡ ಸಾವ್ಕಾರ್ರ ಜಗಲಿಲಿ ನಿಂತು, ಹೆದರದೆ ಹೇಳಿದ್ರಂತಲ್ಲ. ಮೊಮ್ಮಕ್ಕಳಿಗೆಲ್ಲ ಹೇಳೋರು. ಓದಿದ್ರೆ ಆ ಟೀಚರ್ ಹಂಗೆ ಓದ್ಬೇಕು ಅನ್ನೋರು."

"ಇಲ್ಲಮ್ಮ" ಎಂದೆ. "ಕಂಡುಹಿಡಿದದ್ದು ಅವರು. ಹೇಳಿದ್ದೂ ಅವರೇ. ನಾನು ಆ ಜಗಲಿಯಲ್ಲಿ ಬಾಯಿ ಬಿಡಲಿಲ್ಲ. ಕಾಫಿ ಕುಡಿದುಕೊಂಡು ಕೂತಿದ್ದೆ."

ಅವರು ನಕ್ಕು ನನ್ನ ಭುಜ ತಟ್ಟಿದರು. ದೊಡ್ಡವರು ಹೀಗೇ ಹೇಳುವುದು ಎಂಬಂತೆ ನೋಡಿ ಒಲೆಯ ಕಡೆ ಹೋದರು. ನಾನು ಮತ್ತೊಮ್ಮೆ ಹೇಳಿದೆ, ಜೋರಾಗಿ. ಕೇಳಿಸಿತೋ ಇಲ್ಲವೋ. ನಾನು ಹೇಳುತ್ತಿರುವುದು ನಿಜ ಎನ್ನಲು ಆ ಮನೆಯಲ್ಲಿ ಇದ್ದವರು ಆಚಾರ್ರೊಬ್ಬರೇ.